ತೊಗಲಿಗೆ ತಕ್ಕ ಅಂಟು

ಕೇಳುಗರಿಗೆ ನಮಸ್ಕಾರ.

ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ, ಸರಕು ಇಂಥ ಪ್ರದೇಶದ್ದೇ ಎಂದು ಗುರುತಿಸುವ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮತ್ತು ಧಾರವಾಡ ಜಿಲ್ಲೆಗಳೂ ಅದರ ವ್ಯಾಪ್ತಿಗೆ ಬಂದವು. ಅಥಣಿ, ನಿಪ್ಪಾಣಿಯ ಕಡೆ ಆ ಚಪ್ಪಲಿ ಮಾಡುವುದನ್ನು ಕುಳಿತು ನೋಡಿದವರಿಗೆ ಗೊತ್ತಿರುವಂತೆ, ಅಟ್ಟೆಯನ್ನು ಕೊನೆಯವರೆಗೆ ಹಿಡಿದಿಡುವುದು ತೊಗಲಿನ ದಾರದ ಹೊಲಿಗೆಯೇ ಹೊರತು ಮೊಳೆಯಲ್ಲ, ಅಂಟೂ ಅಲ್ಲ. ಈ ಮಾತನ್ನು ಮೊದಲಿಗೇ ಹೇಳಲು ಕಾರಣವಿದೆ. ಪರ್ಸು, ಬೆಲ್ಟು, ಚೀಲಗಳನ್ನು ಹೊಸದಾಗಿ ಮಾಡಲು ಕುಳಿತವರು ಎಲ್ಲಕ್ಕಿಂತ ಮೊದಲು ಕೇಳುವುದು, ಬಹಳ ಗಟ್ಟಿಯಾದ ಅಂಟು ಯಾವುದು ಎಂದು. ಆದರೆ ಹೊಲಿಗೆ ಬೀಳುವ ಕೆಲಸದಲ್ಲಿ ಅಂಟು ಬರಿಯ ಸಹಾಯಕ. ಅದು ಎಷ್ಟು ಗಟ್ಟಿ ಎಂಬುದಕ್ಕಿಂತ, ಒಣಗಿದ ಮೇಲೆ ತೊಗಲಿನೊಡನೆ ಬಾಗುತ್ತದೆಯೇ ಎಂಬುದನ್ನು ಮೊದಲು ನೋಡಬೇಕು.

ಇದನ್ನು ನಾನು ಕಲಿತದ್ದು ದಂಡ ತೆತ್ತು. ಪರ್ಸಿನ ಅಂಚೊಂದನ್ನು ಬೇಗ ಮುಗಿಸುವ ಆಸೆಯಿಂದ, ಕ್ಷಣದಲ್ಲಿ ಹಿಡಿಯುವ ಸಣ್ಣ ಟ್ಯೂಬಿನ ಅಂಟನ್ನು ಹಾಕಿದ್ದೆ. ಅದು ತೊಗಲಿನೊಳಕ್ಕೆ ಇಳಿದು ಗಾಜಿನಂತೆ ಗಡುಸಾಯಿತು, ಅಂಚಿನುದ್ದಕ್ಕೂ ಬಿಳಿಯ ಮಾಸಲು ಎದ್ದಿತು, ಮಡಿಸುವ ಜಾಗದಲ್ಲಿ ಕೆಲವೇ ದಿನಗಳಲ್ಲಿ ಸೀಳು ಬಿಟ್ಟಿತು. ದಾರದ ತುದಿಯನ್ನು ಕೂರಿಸಲು ಒಂದು ಹನಿ ಸಾಕು. ಅದರಾಚೆಗೆ ಆ ಟ್ಯೂಬಿಗೆ ತೊಗಲಿನ ಮೇಲೆ ಕೆಲಸವಿಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮ ಕಡೆ ಚಪ್ಪಲಿ ರಿಪೇರಿ ಮಾಡುವವರು ಸಲ್ಯೂಷನ್ ಎಂದು ಕರೆಯುವ, ಜೇನಿನ ಬಣ್ಣದ ಸಿಂಥೆಟಿಕ್ ರಬ್ಬರ್ ಅಂಟೇ ಹೆಚ್ಚಿನ ಕೆಲಸಗಳಿಗೆ ಸರಿಯಾದದ್ದು. ಅಂಗಡಿಯಲ್ಲಿ ಬರಿದೇ ಫೆವಿಕಾಲ್ ಎಂದು ಕೇಳಿದರೆ ಬಡಗಿಗಳ ಬಿಳಿಯ ಅಂಟನ್ನು ಕೈಗಿಡುತ್ತಾರೆ. ಅದೇ ಹೆಸರಿನ ಎಸ್‌ಆರ್ ಎಂಬುದು ರಬ್ಬರಿನ ಅಂಟು, ಹೀಗಾಗಿ ಡಬ್ಬಿಯ ಮೇಲಿನ ಅಕ್ಷರವನ್ನು ಓದಿಯೇ ಕೊಳ್ಳಬೇಕು. ಈ ಅಂಟನ್ನು ಕೂಡಿಸಬೇಕಾದ ಎರಡೂ ಮುಖಗಳಿಗೆ ತೆಳುವಾಗಿ ಹಚ್ಚಿ, ಅದರೊಳಗಿನ ದ್ರಾವಕ, ಅಂದರೆ ಅಂಟನ್ನು ಕರಗಿಸಿಟ್ಟಿರುವ ದ್ರವ, ಆರುವವರೆಗೆ ಬಿಟ್ಟು, ಆಮೇಲೆ ಒತ್ತಬೇಕು. ಹಸಿ ಇರುವಾಗಲೇ ಕೂಡಿಸಿದರೆ ದ್ರಾವಕ ಒಳಗೇ ಸಿಕ್ಕಿಕೊಂಡು ಅಂಟು ಮೇಣದಂತೆ ಜಾರುತ್ತಿರುತ್ತದೆ. ಬೆರಳಿನ ಹಿಂಬದಿಯನ್ನು ಮೆಲ್ಲಗೆ ತಾಗಿಸಿದಾಗ ಜಿಗುಟೆನಿಸಬೇಕು, ಆದರೆ ಎಳೆ ಎಳೆಯಾಗಿ ಮೇಲೆದ್ದು ಬರಬಾರದು, ಅದೇ ಹದ. ಏಪ್ರಿಲ್ ತಿಂಗಳ ವಿಜಯಪುರದ ಬಿಸಿಲಿನಲ್ಲಿ ಈ ಹದ ಕೆಲವೇ ನಿಮಿಷಗಳಲ್ಲಿ ಬಂದು ತಪ್ಪಿಹೋಗುತ್ತದೆ, ಜುಲೈ ತಿಂಗಳ ಬೆಳಗಾವಿಯ ಜಡಿಮಳೆಯಲ್ಲಿ ಬಹಳ ಹೊತ್ತು ಬೇಕಾಗುತ್ತದೆ. ಆದ್ದರಿಂದ ಡಬ್ಬಿಯ ಮೇಲೆ ಬರೆದ ನಿಮಿಷಗಳಿಗಿಂತ ನಾನು ಬೆರಳನ್ನೇ ನಂಬುತ್ತೇನೆ. ಒಮ್ಮೆ ಮುಖಗಳು ಕೂಡಿದರೆ ಸರಿಸಿ ಜೋಡಿಸಲು ಬರುವುದಿಲ್ಲ. ದೊಡ್ಡ ತುಂಡಾದರೆ ನಡುವೆ ಕಾಗದದ ಹಾಳೆಯನ್ನಿಟ್ಟು, ಒಂದು ತುದಿಯಿಂದ ಅದನ್ನು ಎಳೆಯುತ್ತ ಕೂಡಿಸಿ, ಸುತ್ತಿಗೆಯಿಂದ ಹಗುರಾಗಿ ಬಡಿಯಬೇಕು.

ತೊಗಲಿನ ಎರಡು ಮೈಗಳೂ ಒಂದೇ ಬಗೆಯವಲ್ಲ. ಒರಟಾದ ಒಳಬದಿ ಅಂಟನ್ನು ಹೀರುತ್ತದೆ, ಹಾಗಾಗಿ ಮೊದಲ ಲೇಪ ಒಣಗಿದ ಮೇಲೆ ಅಲ್ಲಿ ಎರಡನೆಯದು ಬೇಕು. ನುಣುಪಾದ ಮೇಲ್ಬದಿಗೆ ಬಣ್ಣವೋ ಪಾಲಿಶೋ ಆಗಿದ್ದರೆ ಅಂಟು ಹಿಡಿಯುವುದು ಆ ಪೊರೆಯನ್ನೇ ಹೊರತು ತೊಗಲನ್ನಲ್ಲ. ಕೂಡಿಸುವಷ್ಟು ಜಾಗವನ್ನು ಮಾತ್ರ ಉಸುಕಿನ ಕಾಗದದಿಂದ ಉಜ್ಜಿ ಎಳೆ ಎಬ್ಬಿಸಬೇಕು. ಎಣ್ಣೆ ಕುಡಿಸಿದ ತೊಗಲಾದರೆ ಇನ್ನೂ ಕಷ್ಟ. ಮೊದಲು ಅಂಟಿಸಿ ಹೊಲಿದು, ಎಣ್ಣೆಯನ್ನು ಕೊನೆಗೆ ಹಚ್ಚುವುದು ಜಾಣತನ.

ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕಿನ ಅಟ್ಟೆಯ ಮಾತು ಬೇರೆ. ಅದನ್ನು ಮೆದುವಾಗಿಸಲು ಸೇರಿಸಿದ ಎಣ್ಣೆಯಂಥ ಪದಾರ್ಥ ನಿಧಾನವಾಗಿ ಹೊರಬಂದು ಸಲ್ಯೂಷನ್ನಿನ ಹಿಡಿತವನ್ನು ಸಡಿಲಿಸುತ್ತದೆ. ಅಲ್ಲಿ ಪಾಲಿಯುರೆಥೇನ್ ಅಂಟನ್ನೇ ಬಳಸಬೇಕು.

ಬಿಳಿಯ ಅಂಟನ್ನು ನಾನು ತಳ್ಳಿಹಾಕುವುದಿಲ್ಲ. ರಟ್ಟಿನ ಮೇಲೆ ತೆಳು ತೊಗಲನ್ನು ಹೊದಿಸುವಾಗ, ಡಬ್ಬಿಗೋ ಪುಸ್ತಕಕ್ಕೋ ಹೊದಿಕೆ ಹಾಕುವಾಗ, ಸರಿಸಿ ಕೂರಿಸಲು ಅದು ಸಮಯ ಕೊಡುತ್ತದೆ. ಒಣಗಿದ ಮೇಲೆ ಬಿರುಸಾಗುತ್ತದೆ, ನೀರನ್ನೂ ತಾಳದು. ಆದಕಾರಣ ಚಪ್ಪಲಿಗೆ ಒಲ್ಲೆ.

ಸಲ್ಯೂಷನ್ನಿನ ಘಾಟಿನ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಇಂಥ ಅನೇಕ ಅಂಟುಗಳಲ್ಲಿ ಟಾಲ್ವೀನ್, ಹೆಕ್ಸೇನ್‌ನಂಥ ದ್ರಾವಕಗಳಿರುತ್ತವೆ. ಅವು ಬೇಗ ಹೊತ್ತಿಕೊಳ್ಳುತ್ತವೆ, ಮತ್ತು ಹೆಕ್ಸೇನಿನ ಆವಿಯನ್ನು ಬಹುಕಾಲ ಉಸಿರಾಡಿದರೆ ಕೈಕಾಲುಗಳ ನರಗಳಿಗೆ ಪೆಟ್ಟು ಬೀಳುತ್ತದೆ. ಇರಿಚಲು ಒಳಗೆ ಬರುತ್ತದೆಂದು ಬಾಗಿಲು ಹಾಕಿಕೊಂಡು, ಒಲೆಯ ಪಕ್ಕದಲ್ಲಿ, ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಅಂಟು ಹಚ್ಚುವವರನ್ನು ನಾನು ಕಂಡಿದ್ದೇನೆ. ಆ ಕೆಲಸವನ್ನು ಪಡಸಾಲೆಗೋ ಕಟ್ಟೆಗೋ ತರಬೇಕು, ಮಳೆ ಬಿಡದಿದ್ದರೆ ಅಂದು ಹೊಲಿಗೆಯ ಕೆಲಸ ಹಿಡಿಯಬೇಕು.

ಇಷ್ಟೆಲ್ಲ ಮಾಡಿಯೂ ಕೂಡಿಸಿದ್ದು ಬಿಚ್ಚಿಕೊಂಡರೆ, ಮತ್ತೆ ಅಂಟು ಬಳಿಯುವ ಮೊದಲು ಎರಡೂ ಮುಖಗಳನ್ನು ಬೆಳಕಿಗೆ ಹಿಡಿದು ನೋಡಿ. ಅಂಟೆಲ್ಲ ಒಂದೇ ಮುಖದಲ್ಲಿ ಉಳಿದು ಇನ್ನೊಂದು ಬೋಳಾಗಿದ್ದರೆ, ಆ ಬೋಳು ಮುಖವನ್ನು ಸರಿಯಾಗಿ ಉಜ್ಜಿಲ್ಲ, ಇಲ್ಲವೇ ಅದರಲ್ಲಿ ಎಣ್ಣೆಯಿದೆ. ಎರಡೂ ಕಡೆ ಅಂಟು ಎಳೆಎಳೆಯಾಗಿ ಹರಿದಿದ್ದರೆ ದಪ್ಪ ಹಚ್ಚಿದ್ದೀರಿ ಅಥವಾ ಆರಲು ಬಿಟ್ಟಿಲ್ಲ. ತೊಗಲಿನ ನಾರೇ ಕಿತ್ತು ಅಂಟಿನೊಡನೆ ಬಂದಿದ್ದರೆ ಅಂಟಿನ ತಪ್ಪೇನೂ ಇಲ್ಲ. ಅಲ್ಲಿ ಬೀಳಬೇಕಾಗಿದ್ದದ್ದು ಹೊಲಿಗೆ.

ನಮಸ್ಕಾರ.