ಮೂರನೆಯ ಗುಸ್ತಾವನ ಕಪೆಲ್‌ಮೆಸ್ಟರೆ: ಯೋಸೆಫ್ ಮಾರ್ಟಿನ್ ಕ್ರೌಸ್

ಕೇಳುಗರಿಗೆ ನಮಸ್ಕಾರ.

ಭಾಷಣಕ್ಕೆ ಮೊದಲು ಕೇಳಿಸಿದ ತುಣುಕು ನಗಾರಿಯ ಪೆಟ್ಟಿನಿಂದ ಶುರುವಾಯಿತು. ಚರ್ಮದ ಮೇಲೆ ಬಟ್ಟೆ ಹಾಸಿ ಬಡಿದಂಥ ಮಂಕು ಸದ್ದು ಅದು. ಇದು 1792ರ ವಸಂತದಲ್ಲಿ ಸ್ಟಾಕ್‌ಹೋಮ್‌ನಲ್ಲಿ ಬರೆದ ಶೋಕ ಸಿಂಫನಿ. ತೀರಿಹೋಗಿದ್ದವನು ಸ್ವೀಡನ್ನಿನ ದೊರೆ ಮೂರನೆಯ ಗುಸ್ತಾವ್. ಬರೆದವನು ಅವನ ಆಸ್ಥಾನದ ಕಪೆಲ್‌ಮೆಸ್ಟರೆ, ಎಂದರೆ ಸಂಗೀತ ನಿರ್ದೇಶಕ, ಯೋಸೆಫ್ ಮಾರ್ಟಿನ್ ಕ್ರೌಸ್.

ಈ ಹೆಸರು ಎಲ್ಲಿ ಕಂಡರೂ ಪಕ್ಕದಲ್ಲಿ ‘ಸ್ವೀಡನ್ನಿನ ಮೊಟ್ಸಾರ್ಟ್’ ಎಂಬ ಬಿರುದು ಅಂಟಿಕೊಂಡೇ ಬರುತ್ತದೆ. ಅದಕ್ಕೆ ಕಾರಣವೂ ಇಲ್ಲದಿಲ್ಲ. ಮೊಟ್ಸಾರ್ಟ್ ಹುಟ್ಟಿದ್ದು 1756ರ ಜನವರಿಯಲ್ಲಿ, ಕ್ರೌಸ್ ಅದೇ ವರ್ಷದ ಜೂನ್‌ನಲ್ಲಿ. ಮೊಟ್ಸಾರ್ಟ್ 1791ರ ಡಿಸೆಂಬರ್‌ನಲ್ಲಿ ಹೋದ. ಕ್ರೌಸ್ ಮರುವರ್ಷದ ಡಿಸೆಂಬರ್‌ನಲ್ಲಿ, ಕ್ಷಯರೋಗದಿಂದ, ಮೂವತ್ತಾರನೆಯ ವಯಸ್ಸಿನಲ್ಲಿ. ಆದರೆ ಹುಟ್ಟುಸಾವಿನ ತಾರೀಖು ಕೂಡಿಬಂದ ಮಾತ್ರಕ್ಕೆ ಸಂಗೀತ ಕೂಡಿಬರುವುದಿಲ್ಲ. ನನ್ನ ಮಟ್ಟಿಗೆ ಈ ಬಿರುದು ಕ್ರೌಸನಿಗೆ ಮಾಡಿದಷ್ಟು ಕೇಡನ್ನು ಮರೆವು ಕೂಡ ಮಾಡಿಲ್ಲ. ಮೊಟ್ಸಾರ್ಟನನ್ನು ಹುಡುಕಿಕೊಂಡು ಹೋದವರಿಗೆ ಸಿಗುವುದು ಎರಡನೆಯ ದರ್ಜೆಯ ಮೊಟ್ಸಾರ್ಟ್. ಆ ಹುಡುಕಾಟ ಬಿಟ್ಟು ಕಿವಿಗೊಟ್ಟರೆ ಸಿಗುವವನು ಬೇರೆಯೇ ಆದ ಒಬ್ಬ ನಾಟಕದ ಮನುಷ್ಯ.

ಅವನು ಸ್ವೀಡನ್ನಿನವನೂ ಅಲ್ಲ. ಜರ್ಮನಿಯ ಮೈನ್ ನದಿಯ ದಂಡೆಯ ಮಿಲ್ಟೆನ್‌ಬರ್ಗ್‌ನಲ್ಲಿ ಹುಟ್ಟಿ, ಬುಖೆನ್ ಎಂಬ ಸಣ್ಣ ಊರಿನಲ್ಲಿ ಬೆಳೆದವನು. ಕಾನೂನು ಓದಲು ಗಟ್ಟಿಂಗೆನ್‌ಗೆ ಹೋದಾಗ ಅಲ್ಲಿದ್ದ ಸ್ವೀಡನ್ನಿನ ಸಹಪಾಠಿಯೊಬ್ಬ, ‘ನಮ್ಮ ದೊರೆಗೆ ಸಂಗೀತವೆಂದರೆ ಪ್ರಾಣ, ಬಾ’ ಎಂದು ಕರೆದ. 1778ರಲ್ಲಿ ಹೊರಟೇಬಿಟ್ಟ. ಕರೆದಷ್ಟು ಸುಲಭವಾಗಿ ಕೆಲಸ ಸಿಗಲಿಲ್ಲ. ಸುಮಾರು ಮೂರು ವರ್ಷ ಬಡತನದಲ್ಲಿ ಬಾಗಿಲು ಕಾಯ್ದ ಮೇಲೆ, 1781ರಲ್ಲಿ ಉಲ್ರಿಕ್ಸ್‌ದಾಲ್ ಅರಮನೆಯಲ್ಲಿ ಅವನ ‘ಪ್ರೊಸರ್ಪಿನ್’ ಒಪೆರಾ, ಎಂದರೆ ಹಾಡಿನಲ್ಲೇ ಸಾಗುವ ನಾಟಕ, ದೊರೆಯ ಮುಂದೆ ನಡೆಯಿತು. ಕಥೆಯ ಹಂದರ ಸ್ವತಃ ದೊರೆಯದು, ಪದ್ಯ ಕವಿ ಕೆಲ್‌ಗ್ರೇನನದು. ಗುಸ್ತಾವ್ ಮೆಚ್ಚಿದ, ಉಪನಿರ್ದೇಶಕನ ಹುದ್ದೆ ಕೊಟ್ಟ, ಯುರೋಪಿನ ರಂಗಭೂಮಿಯನ್ನೆಲ್ಲ ನೋಡಿ ಬಾ ಎಂದು ತನ್ನ ಖರ್ಚಿನಲ್ಲಿ ಪ್ರವಾಸಕ್ಕೆ ಕಳುಹಿಸಿದ. ಇಂಥ ಅರಸರು ಈಗಿಲ್ಲ, ಇದ್ದಾಗಲೂ ಹೆಚ್ಚು ಮಂದಿ ಇರಲಿಲ್ಲ.

ನಾಲ್ಕು ವರ್ಷ ಮೀರಿದ ಆ ಪ್ರವಾಸದಲ್ಲಿ ವಿಯೆನ್ನಾ ಇದೆ, ಇಟಲಿ ಇದೆ, ಪ್ಯಾರಿಸ್ ಇದೆ, ಲಂಡನ್ ಇದೆ. ಮುಖ್ಯವಾದದ್ದು 1783. ಆ ವರ್ಷ ವಿಯೆನ್ನಾದಲ್ಲಿ ಒಪೆರಾಗಳ ಸಂಯೋಜಕ ವೃದ್ಧ ಗ್ಲುಕ್‌ನನ್ನು ಕಂಡ, ಎಸ್ಟರ್‌ಹಾಸಾ ಅರಮನೆಯಲ್ಲಿ ಸಿಂಫನಿಗಳಿಗೆ ಹೆಸರಾದ ಸಂಯೋಜಕ ಹೈಡನ್ನನನ್ನು ಕಂಡ. ಹೈಡನ್ನನಿಗಾಗಿಯೇ ಬರೆದದ್ದು ಸಿ ಮೈನರ್ ಎಂಬ ಶ್ರುತಿಯ ಸಿಂಫನಿ. ಕ್ರೌಸ್ ಸತ್ತ ಎಷ್ಟೋ ಕಾಲದ ಮೇಲೂ ಹೈಡನ್ ಆ ಕೃತಿಯನ್ನು ನೆನೆದು, ಅದು ಯಾವ ಶತಮಾನದಲ್ಲೂ ಮೇರುಕೃತಿ ಎನಿಸಿಕೊಳ್ಳುತ್ತದೆ ಎಂದಿದ್ದನಂತೆ.

ಆ ಸಿಂಫನಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಶುರುವಿನಲ್ಲಿ ನಿಧಾನಗತಿಯ ಒಂದು ಪೀಠಿಕೆ. ಪಿಟೀಲುಗಳು ಒಂದು ಸ್ವರವನ್ನು ಎಳೆದು ಹಿಡಿದಿರುವಾಗಲೇ ಮತ್ತೊಂದು ದನಿ ಬಂದು ಅದಕ್ಕೆ ತಾಗುತ್ತದೆ. ನೋವಿನಿಂದ ಕೆಳಗಿಳಿಯುತ್ತದೆ, ಮತ್ತೆ ತಾಗುತ್ತದೆ. ಗ್ಲುಕ್‌ನ ‘ಇಫಿಜೆನಿ ಆನ್ ಓಲಿಡ್’ ಒಪೆರಾದ ಆರಂಭವನ್ನು ಬಲ್ಲವರಿಗೆ ಇದರ ಮನೆತನ ತಕ್ಷಣ ಗೊತ್ತಾಗುತ್ತದೆ. ಸಿಂಫನಿ ಎಂದರೆ ಬರಿಯ ವಾದ್ಯಗಳ ಕೃತಿ, ಅಲ್ಲಿ ಪಾತ್ರವಿಲ್ಲ, ಮಾತಿಲ್ಲ. ಆದರೂ ಇಲ್ಲಿ ಪರದೆ ಏಳುತ್ತದೆ. ಮುಂದಿನ ವೇಗದ ಭಾಗದಲ್ಲಿ ಪಿಟೀಲುಗಳ ಕಂಪನದ ಕೆಳಗೆ ಮಂದ್ರವಾದ್ಯಗಳು ಬೈಯುತ್ತಾ ಓಡಾಡುತ್ತವೆ. ಸ್ವರಗಳ ಸೊಗಸಿಗಿಂತ ಮುಂದೇನಾಗುತ್ತದೋ ಎಂಬ ಆತಂಕದ ಮೇಲೆ ಕಟ್ಟಿದ ಸಂಗೀತ ಇದು.

ಇದೇ ಕೃತಿಗೆ ಒಂದು ಹಳೆಯ ಕರಡು ಇದೆ, ಸಿ ಶಾರ್ಪ್ ಮೈನರ್‌ನಲ್ಲಿ. ಹದಿನೆಂಟನೆಯ ಶತಮಾನದಲ್ಲಿ ಆ ಶ್ರುತಿಯಲ್ಲಿ ಸಿಂಫನಿ ಬರೆದವರು ತೀರ ವಿರಳ. ಅಲ್ಲಿ ನಾಲ್ಕು ಭಾಗಗಳಿವೆ, ನಡುವೆ ಒಂದು ಮಿನುಯೆಟ್ ನೃತ್ಯವೂ ಇದೆ. ತಿದ್ದಿ ಬರೆಯುವಾಗ ಕ್ರೌಸ್ ಆ ನೃತ್ಯವನ್ನು ನಿರ್ದಾಕ್ಷಿಣ್ಯವಾಗಿ ಕಿತ್ತುಹಾಕಿದ. ಎರಡೂ ಧ್ವನಿಮುದ್ರಿಕೆಗಳನ್ನು ಒಂದರ ಹಿಂದೊಂದು ಕೇಳಿದರೆ ಅವನ ಕತ್ತರಿ ಎಲ್ಲೆಲ್ಲಿ ಆಡಿದೆ ಎಂಬುದು ಕಿವಿಗೇ ಕಾಣುತ್ತದೆ. ದುರಂತದ ನಡುವೆ ಕುಣಿತ ಬೇಡ ಎಂದು ತೀರ್ಮಾನಿಸಿದ್ದು ಸಿಂಫನಿಕಾರನಿಗಿಂತ ಹೆಚ್ಚಾಗಿ ನಾಟಕಕಾರ ಎಂದೇ ನನ್ನ ಭಾವನೆ.

ಹೀಗೆ ಹೋಲಿಸಿ ಕೇಳುವ ಅನುಕೂಲ ನಮ್ಮ ಕಾಲಕ್ಕೆ ಮಾತ್ರ ಬಂದದ್ದು. ಕ್ರೌಸನ ಹಸ್ತಪ್ರತಿಗಳಲ್ಲಿ ಹೆಚ್ಚಿನವು ಸ್ನೇಹಿತ ಸಿಲ್ವರ್‌ಸ್ಟಾಲ್ಪೆಯ ಕೈಸೇರಿ, ಅಲ್ಲಿಂದ ಉಪ್ಸಾಲಾ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋದವು. ಎಷ್ಟೋ ಕೃತಿಗಳು ಕಳೆದೇಹೋದವು. ಪ್ಯಾರಿಸ್ಸಿನಲ್ಲಿ ಅಚ್ಚಾದ ಅವನ ಡಿ ಮೇಜರ್ ಸಿಂಫನಿಯ ಮೇಲೆ ಇದ್ದದ್ದು ಕಾಂಬಿನಿ ಎಂಬ ಜನಪ್ರಿಯ ಸಂಯೋಜಕನ ಹೆಸರು. ಅಮೆರಿಕದ ವಿದ್ವಾಂಸ ಬೆರ್ಟಿಲ್ ವಾನ್ ಬೋಯರ್ ಎಲ್ಲವನ್ನೂ ಜಾಲಾಡಿ ಪಟ್ಟಿಮಾಡಿದರು. ಧ್ವನಿಮುದ್ರಿಕೆಗಳ ಹೊದಿಕೆಯ ಮೇಲೆ ‘ವಿಬಿ’ ಎಂಬ ಅಕ್ಷರಗಳೊಡನೆ ಒಂದು ಸಂಖ್ಯೆ ಕಂಡರೆ ಅದು ಅವರ ಪಟ್ಟಿಯದು. ಸಿ ಮೈನರ್ ಸಿಂಫನಿ ವಿಬಿ 142, ಶೋಕ ಸಿಂಫನಿ ವಿಬಿ 148. ಅಂತರಜಾಲದಲ್ಲಿ ಹುಡುಕುವಾಗ ಹೆಸರಿಗಿಂತ ಈ ಸಂಖ್ಯೆಯೇ ಹೆಚ್ಚು ಉಪಕಾರಿ. ಯಾಕೆಂದರೆ ಸಿ ಮೈನರ್‌ನಲ್ಲಿ ಎರಡು ಸಿಂಫನಿಗಳಿವೆ, ಶೋಕದ್ದೂ ಅದೇ ಶ್ರುತಿಯದು.

1990ರ ದಶಕದ ಆರಂಭದಲ್ಲಿ ಜರ್ಮನಿಯ ಕಾನ್ಚೆರ್ಟೊ ಕೋಲ್ನ್ ತಂಡ ಹಳೆಯ ಕಾಲದ ವಾದ್ಯಗಳಲ್ಲಿ ಕೆಲವು ಸಿಂಫನಿಗಳನ್ನು ನುಡಿಸಿತು. ಕರುಳಿನ ತಂತಿಯ ಪಿಟೀಲು, ಕವಾಟವಿಲ್ಲದ ಹಾರ್ನ್. ಆಮೇಲೆ ನಾಕ್ಸೋಸ್ ಕಂಪನಿಗಾಗಿ ಸ್ವೀಡಿಷ್ ಚೇಂಬರ್ ಆರ್ಕೆಸ್ಟ್ರಾ, ಪೆಟ್ಟರ್ ಸುಂಡ್‌ಕ್ವಿಸ್ಟ್ ನಿರ್ದೇಶನದಲ್ಲಿ, ನಾಲ್ಕು ಸಂಪುಟಗಳನ್ನು ಹೊರತಂದಿತು. ಸುಂಡ್‌ಕ್ವಿಸ್ಟರದು ಇಂದಿನ ವಾದ್ಯಗಳು, ಆದರೆ ತಂಡ ಚಿಕ್ಕದು, ನುಡಿಸಾಣಿಕೆ ಬಿಗಿ. ಸಿ ಮೈನರ್ ಸಿಂಫನಿಗೆ ನನ್ನ ಮತ ಕೋಲ್ನ್ ತಂಡಕ್ಕೆ. ಅಲ್ಲಿನ ಹಾರ್ನುಗಳ ಒರಟುತನ ಈ ಸಂಗೀತಕ್ಕೆ ಒಗ್ಗುತ್ತದೆ. ಶೋಕ ಸಿಂಫನಿಗೆ ಸುಂಡ್‌ಕ್ವಿಸ್ಟ್. ನಾಲ್ಕು ಭಾಗಗಳಲ್ಲಿ ಒಂದೂ ವೇಗದ ಭಾಗವಿಲ್ಲದ ಆ ಕೃತಿಯನ್ನು ಅತ್ತು ಎಳೆಯದೆ, ನಡೆಯುವ ಹೆಜ್ಜೆಯಲ್ಲೇ ಸಾಗಿಸುತ್ತಾರೆ. ಮೂರನೆಯ ಭಾಗ ಸ್ವೀಡನ್ನಿನ ಚರ್ಚುಗಳಲ್ಲಿ ಹೂಳುವ ಹೊತ್ತಿಗೆ ಹಾಡುವ ಸ್ತೋತ್ರ. ಅದು ಬಂದಾಗ ದೊರೆಗೆ ವಿದಾಯ ಹೇಳಲು ನೆರೆದಿದ್ದವರಿಗೆಲ್ಲ ಅದರ ಪದಗಳು ಬಾಯಿಗೆ ಬಂದಿರಬೇಕು.

ಧ್ವನಿಮುದ್ರಣವೇ ಸಂಯೋಜಕನೊಬ್ಬನನ್ನು ಉಳಿಸಿಕೊಂಡದ್ದಕ್ಕೆ ಮೈಸೂರಿನ ನಂಟುಳ್ಳ ಒಂದು ನಿದರ್ಶನವಿದೆ. ಲಂಡನ್‌ನಲ್ಲಿ ನೆಲೆಸಿದ್ದ ರಷ್ಯದ ನಿಕೊಲಾಯ್ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ಮುದ್ರಿಸಲು 1940ರ ದಶಕದಲ್ಲಿ ಹಣ ಕೊಟ್ಟವರು ಜಯಚಾಮರಾಜೇಂದ್ರ ಒಡೆಯರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಅವರಿಗೇ ಅರ್ಪಿಸಿದ. ಕ್ರೌಸನಿಗೂ ದೊರೆ ಸಿಕ್ಕಿದ್ದ, ಆದರೆ ಧ್ವನಿಮುದ್ರಣ ಬರುವುದಕ್ಕೆ ಸುಮಾರು ನೂರು ವರ್ಷ ಮೊದಲೇ.

ಇನ್ನು ರಂಗಸಂಗೀತ. ಕ್ರೌಸನ ದುರದೃಷ್ಟವೆಲ್ಲ ಇಲ್ಲಿ ಗುಡ್ಡೆ ಬಿದ್ದಿದೆ. ಗುಸ್ತಾವ್ 1782ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಹೊಸ ಒಪೆರಾ ಮಂದಿರ ತೆರೆಯುವಾಗ, ಉದ್ಘಾಟನೆಗೆ ನಿಗದಿಯಾಗಿದ್ದದ್ದು ಕ್ರೌಸನ ‘ಐನೆಯಾಸ್ ಇ ಕಾರ್ತಾಗೊ’. ವರ್ಜಿಲನ ಕಾವ್ಯದ ಡಿಡೊ ರಾಣಿಯ ಕಥೆ, ಒಂದು ಪೂರ್ವರಂಗ, ಐದು ಅಂಕ. ಡಿಡೊ ಆಗಬೇಕಿದ್ದ ಗಾಯಕಿ ಕ್ಯಾರೊಲೈನ್ ಮ್ಯುಲರ್ ಸಾಲಗಾರರಿಗೆ ಹೆದರಿ ಗಂಡನೊಡನೆ ದೇಶ ಬಿಟ್ಟು ಓಡಿದಳು. ಉದ್ಘಾಟನೆಗೆ ನೌಮನ್ ಎಂಬವನ ಬೇರೆ ಒಪೆರಾ ಬಂತು. ಕ್ರೌಸ್ ಹತ್ತು ವರ್ಷ ಅದನ್ನು ತಿದ್ದುತ್ತಲೇ ಇದ್ದ. ಅದು ರಂಗಕ್ಕೆ ಬಂದದ್ದು 1799ರಲ್ಲಿ, ಅವನು ಸತ್ತು ಏಳು ವರ್ಷವಾದ ಮೇಲೆ. ಆ ಮಂದಿರದಲ್ಲೇ 1792ರ ಮಾರ್ಚ್ 16ರಂದು ಮುಖವಾಡದ ನೃತ್ಯಕೂಟದ ನಡುವೆ ದೊರೆಗೆ ಗುಂಡು ಬಿತ್ತು; ಹದಿಮೂರು ದಿನ ನರಳಿ ಸತ್ತ. ಇಟಲಿಯ ಸಂಯೋಜಕ ವೆರ್ಡಿ ಆಮೇಲೆ ಆ ಕೊಲೆಯನ್ನೇ ಒಪೆರಾ ಮಾಡಿದ. ಕ್ರೌಸ್ ಶೋಕ ಸಿಂಫನಿಯ ಜೊತೆಗೆ ಅಂತ್ಯಕ್ರಿಯೆಗೆಂದು ದೊಡ್ಡದೊಂದು ಕಾಂಟಾಟಾವನ್ನೂ, ಎಂದರೆ ಗಾಯಕರು ಮತ್ತು ವಾದ್ಯಗಳ ಕೃತಿಯನ್ನೂ, ಬರೆದ. ಪೋಷಕನನ್ನು ಕಳುಹಿಸಿಕೊಟ್ಟ ವರ್ಷವೇ ತಾನೂ ಹೊರಟ.

ಸಿಂಫನಿಗಳಿಗೆ ಹೋಲಿಸಿದರೆ ರಂಗಸಂಗೀತದ ಮುದ್ರಿಕೆಗಳು ಕಡಿಮೆ. ಅದರ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಭಾಷೆ ಸ್ವೀಡಿಷ್, ಅದನ್ನು ಬಲ್ಲ ಗಾಯಕರು ಎಣಿಕೆಯವರು. ಅವಧಿ ದೀರ್ಘ, ಮೇಳ ದೊಡ್ಡದು, ಖರ್ಚು ಹೇಳತೀರದು. ‘ಐನೆಯಾಸ್’ನ ಪೀಠಿಕೆ, ನೃತ್ಯ ಮತ್ತು ಮೆರವಣಿಗೆಗಳನ್ನು ಮಾತ್ರ ಆರಿಸಿ ಪ್ಯಾಟ್ರಿಕ್ ಗ್ಯಾಲ್ವಾ ನಿರ್ದೇಶನದಲ್ಲಿ ಫಿನ್ಲೆಂಡಿನ ಸಿನ್ಫೊನಿಯಾ ಫಿನ್ಲಾಂಡಿಯಾ ತಂಡ ನುಡಿಸಿದೆ. ಹಾಡಿಲ್ಲದ ಒಪೆರಾ ಅರ್ಧ ಊಟವಾದರೂ ವಾದ್ಯವೃಂದವನ್ನು ಕ್ರೌಸ್ ರಂಗದ ಮೇಲೆ ಹೇಗೆ ನಡೆಸುತ್ತಿದ್ದ ಎಂಬುದು ಅಲ್ಲಿ ಚೆನ್ನಾಗಿ ತಿಳಿಯುತ್ತದೆ.

ಮೊಟ್ಸಾರ್ಟ್ ಜೊತೆಗಿನ ನಿಜವಾದ ನಂಟು ಹೇಳದೆ ಬಿಡಬಾರದು. 1789ರಲ್ಲಿ ಸಂಸತ್ತಿನ ಅಧಿವೇಶನದ ಸಮಾರಂಭಕ್ಕೆ ಕ್ರೌಸ್ ಕೊಟ್ಟ ಮೆರವಣಿಗೆಯ ಸಂಗೀತ ಮೊಟ್ಸಾರ್ಟನ ‘ಇಡೊಮೆನಿಯೊ’ ಒಪೆರಾದ ಮಾರ್ಚನ್ನು ತಿದ್ದಿಕೊಂಡದ್ದು. ಆ ಕಾಲದಲ್ಲಿ ಅದನ್ನು ಯಾರೂ ಕಳ್ಳತನ ಎನ್ನುತ್ತಿರಲಿಲ್ಲ. ಹೋಲಿಕೆ ಹುಡುಕುವವರಿಗೆ ಅಷ್ಟು ಸಾಕು.

ಅದೇ 1789ರಲ್ಲಿ ಬಂದದ್ದು ‘ಸೊಲಿಮಾನ್ ದೆನ್ ಆಂದ್ರ’. ತುರ್ಕಿಯ ಸುಲ್ತಾನನ ಅಂತಃಪುರಕ್ಕೆ ಬಂದ ರೊಕ್ಸಲಾನ ಎಂಬ ಗಯ್ಯಾಳಿ ಫ್ರೆಂಚ್ ಹುಡುಗಿ ಅವನನ್ನೇ ಬಾಗಿಸಿ ಪಟ್ಟದರಾಣಿಯಾಗುವ ಹಾಸ್ಯನಾಟಕ. ಮೂಲ ಫ್ರೆಂಚಿನದು, ಸ್ವೀಡಿಷ್ ರೂಪ ಒಕ್ಸೆನ್‌ಶೆರ್ನನದು. ಕ್ರೌಸ್ ಇಲ್ಲಿ ತಾಳ, ಡೋಲು, ತ್ರಿಕೋನಗಳನ್ನೆಲ್ಲ ಬಿಚ್ಚಿಟ್ಟಿದ್ದಾನೆ. ಶೋಕ ಸಿಂಫನಿ ಬರೆದ ಕೈಯೇ ಇದು ಎಂದು ನಂಬುವುದು ಕಷ್ಟ. ಫಿಲಿಪ್ ಬ್ರುನೆಲ್ ನಿರ್ದೇಶನದಲ್ಲಿ ಸ್ವೀಡನ್ನಿನ ರಾಯಲ್ ಒಪೆರಾದವರು ಇದನ್ನು ಮುದ್ರಿಸಿದ್ದಾರೆ. ಗಂಭೀರವಾದದ್ದನ್ನೇ ಮೊದಲು ಕೇಳಬೇಕೆಂಬ ಹಟ ಇಲ್ಲದವರು ಕ್ರೌಸನ ಪರಿಚಯವನ್ನು ಇಲ್ಲಿಂದಲೇ ಮಾಡಿಕೊಳ್ಳಬಹುದು. ಮಾತು ಗೊತ್ತಿಲ್ಲದಿದ್ದರೂ ನಷ್ಟವಿಲ್ಲ. ಕೊನೆಯ ಪಟ್ಟಾಭಿಷೇಕದ ದೃಶ್ಯದಲ್ಲಿ ಒಂದರ ಮೇಲೊಂದು ನೃತ್ಯ, ಮೆರವಣಿಗೆ, ಮೇಳಗಾನ. ನಾಟಕ ಮುಗಿದರೂ ಸಂಗೀತಕ್ಕೆ ಮುಗಿಯುವ ಮನಸ್ಸಿಲ್ಲ.

ಈಗ ಆ ದೃಶ್ಯದ ಒಂದು ಭಾಗವನ್ನು ಕೇಳೋಣ. ರೇಡಿಯೊದ ಸದ್ದು ಕೊಂಚ ಏರಿಸಿಕೊಳ್ಳಿ, ನಮಸ್ಕಾರ.