ಒಬ್ಬನ ಕತೆ ಇನ್ನೊಬ್ಬನ ಜೇಬಿನಲ್ಲಿ

ಕೇಳುಗರಿಗೆಲ್ಲ ನಮಸ್ಕಾರ.

ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನಗಳಲ್ಲಿ ಹಾರಿದವರ ವಿವರ ಹುಡುಕುವುದು ಹೇಗೆ ಅಂತ ಹತ್ತು ನಿಮಿಷದಲ್ಲಿ ಹೇಳಿ ಎಂದು ನನ್ನನ್ನು ಕರೆದಿದ್ದಾರೆ. ನಿಜ ಹೇಳಬೇಕೆಂದರೆ ಹತ್ತು ನಿಮಿಷ ಬೇಡ. ಹೇಳಬೇಕಾದದ್ದು ಒಂದೇ ಮಾತು. ಒಬ್ಬನನ್ನು ಹುಡುಕಬೇಡಿ. ಆ ವಿಮಾನದಲ್ಲಿ ಇದ್ದ ಅಷ್ಟೂ ಜನರನ್ನು ಹುಡುಕಿ.

ಇಷ್ಟೇ. ಆದರೂ ಈ ಮಾತನ್ನು ಇವತ್ತು ನಾಲ್ಕೈದು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹೇಳಿದಾಗ ಎಲ್ಲರೂ ತಲೆ ಆಡಿಸುತ್ತಾರೆ. ಮನೆಗೆ ಹೋಗಿ ಮತ್ತೆ ಒಂದೇ ಹೆಸರು ಹಿಡಿದುಕೊಂಡು ಕೂರುತ್ತಾರೆ.

ನಿಮ್ಮಲ್ಲಿ ಕೆಲವರ ಮಗನೋ ಮಗಳೋ ಇಂಗ್ಲೆಂಡಿನಲ್ಲಿ ಕೆಲಸದಲ್ಲಿರುತ್ತಾರೆ. ನೀವು ನಾಲ್ಕಾರು ತಿಂಗಳು ಅಲ್ಲಿಗೆ ಹೋಗಿರುತ್ತೀರಿ. ಅವರು ಆಫೀಸಿಗೆ ಹೋದ ಮೇಲೆ ಸುಮ್ನೆ ಒಂದು ಸುತ್ತು ವಾಕಿಂಗ್ ಹೊರಡುತ್ತೀರಿ. ಹಳ್ಳಿಯ ಚರ್ಚಿನ ಅಂಗಳದಲ್ಲಿ ಒಂದೇ ಅಳತೆಯ ಬಿಳಿ ಸಮಾಧಿ ಕಲ್ಲುಗಳು ಸಾಲಾಗಿ ನಿಂತಿರುತ್ತವೆ. ಒಂದರ ಮೇಲೆ ಇಪ್ಪತ್ತು ವರ್ಷ, ಪಕ್ಕದ್ದರ ಮೇಲೆ ಇಪ್ಪತ್ತೊಂದು, ಇನ್ನೊಂದರ ಮೇಲೆ ಹತ್ತೊಂಬತ್ತು. ಯಾರಪ್ಪಾ ಈ ಹುಡುಗರು ಅನಿಸುತ್ತದೆ. ನನಗೆ ಬರುವ ಫೋನುಗಳಲ್ಲಿ ಅರ್ಧ ಇಂಥವೇ. ಇನ್ನರ್ಧ ಕಾಲೇಜು ಮಕ್ಕಳದು, ಪ್ರಾಜೆಕ್ಟ್ ನಾಳೆ ಬೆಳಗ್ಗೆ ಕೊಡಬೇಕು ಅನ್ನುವವರದು. ಅವರಿಗೆ ಕೊಡಲು ನನ್ನ ಹತ್ತಿರ ಔಷಧ ಇಲ್ಲ.

ಮೊದಲು ವಿಮಾನದ ಒಳಗೆ ಹೋಗೋಣ. ಬ್ರಿಟಿಷರ ಲ್ಯಾಂಕಾಸ್ಟರ್ ತೆಗೆದುಕೊಳ್ಳಿ. ಏಳು ಜನ. ಪೈಲಟ್ ಒಬ್ಬನೇ. ಪಕ್ಕದಲ್ಲಿ ನಾಲ್ಕು ಎಂಜಿನ್ ನೋಡಿಕೊಳ್ಳುವ ಫ್ಲೈಟ್ ಎಂಜಿನಿಯರ್. ಹಿಂದೆ ಪರದೆ ಎಳೆದುಕೊಂಡು, ಸಣ್ಣ ದೀಪದಲ್ಲಿ ನಕ್ಷೆ ಮೇಲೆ ಗೆರೆ ಹಾಕುವ ನ್ಯಾವಿಗೇಟರ್. ರೇಡಿಯೊ ಕೆಲಸದವನೊಬ್ಬ. ಮೂತಿಯಲ್ಲಿ ಹೊಟ್ಟೆ ಮೇಲೆ ಮಲಗಿ ಬಾಂಬು ಬಿಡುವವನೊಬ್ಬ. ಬೆನ್ನ ಮೇಲಿನ ಗಾಜಿನ ಗೂಡಿನಲ್ಲಿ ಒಬ್ಬ ಗನ್ನರ್, ಬಾಲದ ತುದಿಯಲ್ಲಿ ಇನ್ನೊಬ್ಬ. ಬಾಲದವನ ಪಾಡು ಕೇಳಲೇಬೇಡಿ. ಗಂಟೆಗಟ್ಟಲೆ ಕೊರೆಯುವ ಚಳಿಯಲ್ಲಿ ಒಬ್ಬನೇ. ಅವನ ಪ್ಯಾರಾಚೂಟ್ ಇಡಲು ಕೂಡ ಆ ಗೂಡಿನಲ್ಲಿ ಜಾಗ ಇರಲಿಲ್ಲ. ಗೂಡಿನ ಹೊರಗೆ, ವಿಮಾನದ ಒಳಗೋಡೆಯಲ್ಲಿ ಇರುತ್ತಿತ್ತು.

ಇವರನ್ನೆಲ್ಲ ಯಾರು ಜೋಡಿಸುತ್ತಿದ್ದರು ಗೊತ್ತಾ? ಯಾರೂ ಇಲ್ಲ. ತರಬೇತಿ ಕೇಂದ್ರದಲ್ಲಿ ಎಲ್ಲರನ್ನೂ ಒಂದು ದೊಡ್ಡ ಹ್ಯಾಂಗರಿಗೆ ಬಿಟ್ಟು, ನೀವು ನೀವೇ ತಂಡ ಕಟ್ಟಿಕೊಳ್ಳಿ ಅನ್ನುತ್ತಿದ್ದರು. ನಮ್ಮಲ್ಲಿ ಹೆಣ್ಣು ನೋಡಲು ಹೋದಾಗ ಉಪ್ಪಿಟ್ಟು ತಿನ್ನುವಷ್ಟು ಹೊತ್ತು ಕೂಡ ಹಿಡಿಯುತ್ತಿರಲಿಲ್ಲ. ಇವನ ಮುಖ ಪರವಾಗಿಲ್ಲ, ಬಾರಪ್ಪ ನಮ್ಮ ಜೊತೆ. ಮುಗಿಯಿತು. ಎಂಜಿನಿಯರ್ ಮಾತ್ರ ಆಮೇಲೆ ಬಂದು ಸೇರುತ್ತಿದ್ದ. ಹಾಗಾಗಿ ಒಂದೇ ವಿಮಾನದಲ್ಲಿ ಆಸ್ಟ್ರೇಲಿಯಾದವನು, ಕೆನಡಾದವನು, ಲಂಡನ್ನಿನವನು. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಒಬ್ಬನ ಕೆಲಸದ ಒಂದು ಸರದಿ ಎಂದರೆ 30 ದಾಳಿ. ಬ್ರಿಟನ್ನಿನ ಬಾಂಬರ್ ಕಮಾಂಡಿನಲ್ಲಿ ಹಾರಿದವರು ಸುಮಾರು 1,25,000 ಜನ. ಸತ್ತವರು 55,573. ಕೆಳಗೆ ಊರುಗಳಲ್ಲಿ ಸತ್ತವರ ಲೆಕ್ಕ ಬೇರೆಯೇ ಇದೆ. ಅದಕ್ಕೆ ಇನ್ನೊಂದು ದಿನ ಕರೆಯಲಿ, ಬರುತ್ತೇನೆ.

ಒಂದು ವಿಮಾನ ವಾಪಸ್ ಬರಲಿಲ್ಲ ಅಂದರೆ ಏಳು ಮನೆಗೆ ಏಳು ಟೆಲಿಗ್ರಾಂ. ನೀವು ಹುಡುಕುವವನ ಮನೆಯಲ್ಲಿ ಒಂದು ಚೀಟಿಯೂ ಉಳಿದಿಲ್ಲದಿರಬಹುದು. ಬಾಲದಲ್ಲಿ ಕೂತವನ ತಂಗಿ ಎಲ್ಲ ಕಾಗದವನ್ನೂ ಜೋಪಾನ ಮಾಡಿರಬಹುದು. ಒಬ್ಬನ ಕತೆ ಇನ್ನೊಬ್ಬನ ಜೇಬಿನಲ್ಲಿರುತ್ತದೆ. ಜೇಬು ಅಂತ ಮಾತಿಗೆ ಹೇಳಿದ್ದಲ್ಲ. ನಿಜವಾದ ಜೇಬಿನ ಕತೆ ಒಂದಿದೆ.

1943ರ ಏಪ್ರಿಲ್ 4. ಲಿಬಿಯಾದ ಬೆಂಗಾಜಿ ಹತ್ತಿರದ ಸೊಲುಕ್ ಎಂಬ ಮರಳಿನ ನೆಲೆ. ಅಲ್ಲಿಂದ ಅಮೆರಿಕದವರ ಲಿಬರೇಟರ್ ವಿಮಾನಗಳು ಇಟಲಿಯ ನೇಪಲ್ಸ್ ಮೇಲೆ ಬಾಂಬು ಹಾಕಲು ಹೊರಟವು. ಲಿಬರೇಟರ್ ಬೆಂಗಳೂರಿಗೆ ಅಪರಿಚಿತವಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಹೊರಟವುಗಳಲ್ಲಿ ಒಂದರ ಹೆಸರು ‘ಲೇಡಿ ಬಿ ಗುಡ್’. ಒಂಬತ್ತು ಜನ. ಪೈಲಟ್ ವಿಲಿಯಂ ಹ್ಯಾಟನ್, ಜೊತೆ ಪೈಲಟ್ ರಾಬರ್ಟ್ ಟೋನರ್, ಬಾಂಬು ಬಿಡುವವನು ಜಾನ್ ವೊರಾವ್ಕಾ. ಎಲ್ಲರೂ ಹೊಸಬರು. ತಂಡಕ್ಕೆ ಅದೇ ಮೊದಲ ದಾಳಿ.

ವಾಪಸ್ ಬರುವಾಗ ರಾತ್ರಿ. ಹ್ಯಾಟನ್ ರೇಡಿಯೊದಲ್ಲಿ ದಿಕ್ಕು ಕೇಳಿದ. ನೆಲದವರು ಹೇಳಿದರು. ತೊಂದರೆ ಏನೆಂದರೆ, ಆಗಿನ ಆ ಉಪಕರಣ ಒಂದು ಗೆರೆಯನ್ನು ಮಾತ್ರ ತೋರಿಸುತ್ತಿತ್ತು. ಆ ಗೆರೆಯಲ್ಲಿ ನೀವು ಈ ಕಡೆ ಇದ್ದೀರೋ ಆ ಕಡೆ ಇದ್ದೀರೋ ಹೇಳುತ್ತಿರಲಿಲ್ಲ. ನೀವು ಬೆಂಗಳೂರು ಬಿಟ್ಟು ತುಮಕೂರಿಗೆ ಹೊರಟಿದ್ದೀರಿ ಅಂತಿಟ್ಟುಕೊಳ್ಳಿ. ರಾತ್ರಿ, ನಿದ್ದೆಗಣ್ಣು. ತುಮಕೂರು ದಾಟಿ ಸಿರಾ ಹತ್ತಿರ ಬಂದಿದ್ದೀರಿ. ಫೋನ್ ಮಾಡಿ ಕೇಳಿದರೆ, ಸರಿಯಾಗೇ ಇದ್ದೀರಿ, ಅದೇ ರಸ್ತೆ ಅನ್ನುತ್ತಾರೆ. ರಸ್ತೆ ಅದೇ. ಊರು ಹಿಂದೆ ಬಿತ್ತು.

ಹ್ಯಾಟನ್ ತಂಡಕ್ಕೆ ಆದದ್ದು ಇದೇ. ನೆಲೆ ದಾಟಿದ್ದು ಗೊತ್ತಾಗಲಿಲ್ಲ. ಇನ್ನೂ ಎರಡು ಗಂಟೆ ದಕ್ಷಿಣಕ್ಕೆ, ಸಹಾರಾ ಒಳಕ್ಕೆ ಹಾರಿದರು. ಕೆಳಗೆ ಕಡಲಿದೆ ಅಂದುಕೊಂಡಿದ್ದರು. ಬೆಳಗಿನ ಜಾವ 2 ಗಂಟೆಗೆ ಪೆಟ್ರೋಲ್ ಮುಗಿಯುತ್ತಾ ಬಂತು. ನೀರಿನಲ್ಲಿ ತೇಲುವ ಜಾಕೆಟ್ ಹಾಕಿಕೊಂಡು, ಪ್ಯಾರಾಚೂಟ್‌ನಲ್ಲಿ ಕೆಳಕ್ಕೆ ಹಾರಿದರು. ಬಿದ್ದದ್ದು ಮರಳಿನ ಮೇಲೆ.

ಖಾಲಿ ವಿಮಾನ ತನ್ನಷ್ಟಕ್ಕೆ ಇನ್ನೂ 25 ಕಿಲೋಮೀಟರ್ ಹೋಗಿ ಹೊಟ್ಟೆ ಮೇಲೆ ಇಳಿಯಿತು. ಮನುಷ್ಯ ಇಳಿಸಿದರೂ ಅಷ್ಟು ನಯವಾಗಿ ಇಳಿಯುತ್ತಿತ್ತೋ ಇಲ್ಲವೋ. ನೆಲೆಯವರು ಹುಡುಕಿದರು. ಎಲ್ಲಿ ಹುಡುಕಿದರು? ಕಡಲಿನಲ್ಲಿ! ಮೆಡಿಟರೇನಿಯನ್ನಿನಲ್ಲಿ ಬಿದ್ದಿರಬೇಕು ಎಂದು ಬರೆದು ಕಡತ ಮುಚ್ಚಿದರು.

ಹದಿನೈದು ವರ್ಷ ಯಾರಿಗೂ ಏನೂ ಗೊತ್ತಿಲ್ಲ. 1958ರಲ್ಲಿ ತೈಲ ಹುಡುಕುವ ಕಂಪನಿಯವರಿಗೆ ಮರಳಿನ ನಡುವೆ ವಿಮಾನ ಕಂಡಿತು. 1959ರಲ್ಲಿ ಹತ್ತಿರ ಹೋಗಿ ನೋಡಿದರು. ಕಡಲಿನಿಂದ ನೂರಾರು ಕಿಲೋಮೀಟರ್ ಒಳಗೆ. ಒಳಗೆ ನೀರಿತ್ತು, ತಿನ್ನಲು ಇತ್ತು, ರೇಡಿಯೊ ಕೆಲಸ ಮಾಡುತ್ತಿತ್ತು. ಮನುಷ್ಯರಿಲ್ಲ. ಪ್ಯಾರಾಚೂಟ್ ಒಂದೂ ಇಲ್ಲ. ಅಂದರೆ ಹಾರಿದ್ದಾರೆ. ಹಾರಿ ಎಲ್ಲಿಗೆ ಹೋದರು?

1960ರ ಫೆಬ್ರುವರಿಯಲ್ಲಿ ಐದು ದೇಹಗಳು ಒಂದೇ ಕಡೆ ಸಿಕ್ಕವು. ಟೋನರ್‌ನ ಜೇಬಿನಲ್ಲಿ ಪುಟ್ಟ ಡೈರಿ. ದಿನಕ್ಕೆ ನಾಲ್ಕೈದು ಸಾಲು, ಅಷ್ಟೇ. ಮೊದಲ ದಿನವೇ ಬರೆದಿದ್ದಾನೆ: ದಾರಿ ತಪ್ಪಿತು, ಹಾರಿದೆವು, ಯಾರಿಗೂ ಜಾಸ್ತಿ ಪೆಟ್ಟಾಗಿಲ್ಲ, ಜಾನ್ ಸಿಗುತ್ತಿಲ್ಲ, ಉಳಿದವರೆಲ್ಲ ಇದ್ದಾರೆ. ಎಂಟು ಜನಕ್ಕೆ ಅರ್ಧ ಬಾಟಲಿ ನೀರು. ದಿನಕ್ಕೆ ತಲಾ ಒಂದು ಮುಚ್ಚಳ. ವಿಮಾನ ಒಂದು ಕಡೆ ಇತ್ತು, ಇವರು ಇನ್ನೊಂದು ಕಡೆ ನಡೆದರು. ಹಗಲು ಕಾದ ಮರಳು, ರಾತ್ರಿ ಚಳಿ. ಹಾಗೇ ಸುಮಾರು 130 ಕಿಲೋಮೀಟರ್! ನಾನು ಈ ವಯಸ್ಸಿನಲ್ಲಿ ಲಾಲ್‌ಬಾಗ್ ಒಂದು ಸುತ್ತು ಹಾಕಿದರೆ ಕೂತುಬಿಡುತ್ತೇನೆ. ಐವರಿಗೆ ಮುಂದೆ ಆಗಲಿಲ್ಲ. ಮೂವರು ಸಹಾಯ ತರುತ್ತೇವೆ ಎಂದು ಮುಂದೆ ಹೋದರು. ಡೈರಿಯ ಕೊನೆಯ ಮಾತು ಏಪ್ರಿಲ್ 12ರದು. ಇನ್ನೂ ಸಹಾಯ ಬಂದಿಲ್ಲ, ರಾತ್ರಿ ತುಂಬಾ ಚಳಿ.

ಈಗ ಯೋಚನೆ ಮಾಡಿ. ಆ ಎಂಟು ಜನರಲ್ಲಿ ವೊರಾವ್ಕಾ ಇರಲಿಲ್ಲ ಎಂದು ಹೇಳಿದ್ದು ಯಾರು? ಟೋನರ್‌ನ ಜೇಬು. ಮೂವರು ಸಹಾಯಕ್ಕೆಂದು ಬೇರೆಯಾಗಿ ಹೋದರು ಎಂದು ಹೇಳಿದ್ದೂ ಅದೇ ಜೇಬು. ಆ ಮೂವರಲ್ಲಿ ಇಬ್ಬರು, ರಿಪ್ಸ್ಲಿಂಗರ್ ಮತ್ತು ಶೆಲ್ಲಿ, ಇನ್ನೂ 30ಕ್ಕೂ ಹೆಚ್ಚು ಕಿಲೋಮೀಟರ್ ಆಚೆ ಸಿಕ್ಕಿದರು. ರಿಪ್ಸ್ಲಿಂಗರ್ ಕೂಡ ಡೈರಿ ಬರೆದಿದ್ದ. ಆಗಸ್ಟ್‌ನಲ್ಲಿ ವೊರಾವ್ಕಾ ಸಿಕ್ಕಿದ, ಪ್ಯಾರಾಚೂಟ್ ಸರಿಯಾಗಿ ಬಿಚ್ಚಿಕೊಂಡಿರಲಿಲ್ಲ. ಮುಂದೆ ಹೋದವರಲ್ಲಿ ಮೂರನೆಯವನು ವರ್ನನ್ ಮೂರ್. ಅವನು ಸಿಗಲೇ ಇಲ್ಲ. ವೊರಾವ್ಕಾ ಒಬ್ಬನನ್ನೇ ಹುಡುಕುತ್ತಾ ಕೂತಿದ್ದರೆ ಏನು ಸಿಗುತ್ತಿತ್ತು? ಕಡಲಿನಲ್ಲಿ ಬಿದ್ದ ಎಂಬ ಒಂದು ಸಾಲು. ಅದೂ ತಪ್ಪು ಸಾಲು.

ನಾಲ್ಕು ಹಾಳೆ ಬರೆದುಕೊಂಡು ಬಂದಿದ್ದೆ, ಈ ಕತೆಯೇ ಎರಡೂವರೆ ಹಾಳೆ ತಿಂದಿತು. ಪ್ರತಿ ಸಲವೂ ಹೀಗೇ ಆಗುತ್ತದೆ. ಉಳಿದದ್ದು ಬೇಗ ಬೇಗ ಹೇಳುತ್ತೇನೆ, ಕಾಗದ ಪೆನ್ಸಿಲ್ ಇದ್ದರೆ ಬರೆದುಕೊಳ್ಳಿ.

ಬ್ರಿಟಿಷ್ ಸ್ಕ್ವಾಡ್ರನ್‌ಗಳ, ಅಂದರೆ ವಾಯುಪಡೆಯ ತುಕಡಿಗಳ, ದಿನಚರಿ ಪುಸ್ತಕಗಳು ಲಂಡನ್ನಿನ ಕ್ಯೂ ಎಂಬ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಏರ್ 27 ಎಂಬ ಕಡತಗಳ ಸಾಲು. ಅದರಲ್ಲಿ ಎರಡು ಥರದ ಹಾಳೆ. ಫಾರಂ 540ರಲ್ಲಿ ಆ ದಿನ ಏನಾಯಿತು ಅಂತ ಇರುತ್ತದೆ. ಫಾರಂ 541ರಲ್ಲಿ ಯಾವ ವಿಮಾನ, ಯಾರು ಯಾರು, ಎಷ್ಟು ಗಂಟೆಗೆ ಹೊರಟರು, ಎಷ್ಟಕ್ಕೆ ಬಂದರು ಅಂತ ಇರುತ್ತದೆ. ನಿಮಗೆ ಬೇಕಾದ್ದು 541. ಅಲ್ಲಿ ಏಳೂ ಹೆಸರು ಒಟ್ಟಿಗೆ ಸಿಗುತ್ತವೆ. ವಾಪಸ್ ಬರದ ವಿಮಾನದ ಮುಂದೆ ಎಷ್ಟೋ ಸಲ ಒಂದೇ ಮಾತು, ಹೊರಟ ಮೇಲೆ ಏನೂ ಸುದ್ದಿ ಇಲ್ಲ.

ವಿಮಾನದ ಮೈಮೇಲೆ ಬರೆದ ಅಕ್ಷರ ನಂಬಬೇಡಿ, ಅದರ ನಂಬರ್ ನಂಬಿ. ಲಂಡನ್ನಿನ ಹೆಂಡನ್ ಮ್ಯೂಸಿಯಂನಲ್ಲಿ ಒಂದು ಲ್ಯಾಂಕಾಸ್ಟರ್ ಇದೆ, ಆರ್ 5868. ಎಲ್ಲರೂ ಅದನ್ನು ‘ಎಸ್ ಫಾರ್ ಶುಗರ್’ ಎನ್ನುತ್ತಾರೆ. ಅದಕ್ಕೆ ಮೊದಲು ಬೇರೆ ಸ್ಕ್ವಾಡ್ರನ್‌ನಲ್ಲಿ ಅದೇ ವಿಮಾನ ‘ಕ್ಯೂ ಫಾರ್ ಕ್ವೀನಿ’ ಆಗಿತ್ತು. ಅಕ್ಷರ ಮನೆ ಬಾಗಿಲಿನ ಸಂಖ್ಯೆ ಇದ್ದ ಹಾಗೆ, ಮನೆ ಬದಲಾದರೆ ಅದೂ ಬದಲು.

ತಾರೀಖಿನಲ್ಲೂ ಎಚ್ಚರ. ಹದಿನಾರರ ರಾತ್ರಿ ಹೊರಟವನು ಸತ್ತದ್ದು ಹದಿನೇಳರ ಬೆಳಗಿನ ಜಾವ. ಒಂದು ಪುಸ್ತಕದಲ್ಲಿ ಹದಿನಾರು ಇರುತ್ತದೆ, ಕಲ್ಲಿನ ಮೇಲೆ ಹದಿನೇಳು ಇರುತ್ತದೆ. ಎರಡೂ ದಿನ ನೋಡಿ.

ಸಮಾಧಿ ಕಲ್ಲಿನ ಮುಂದೆ ನಿಂತರೆ ಪಕ್ಕದ ಕಲ್ಲನ್ನೂ ಓದಿ. ಒಂದೇ ತಾರೀಖು ಇದ್ದರೆ ಎಷ್ಟೋ ಸಲ ಅವರು ಒಂದೇ ವಿಮಾನದವರು. ವಾಯುಪಡೆಯವರಲ್ಲಿ ಸಮಾಧಿಯೇ ಇಲ್ಲದವರು 20,000ಕ್ಕೂ ಹೆಚ್ಚು. ಅವರ ಹೆಸರುಗಳು ಲಂಡನ್ ಪಕ್ಕದ ರನ್ನಿಮೀಡ್ ಸ್ಮಾರಕದ ಗೋಡೆಗಳ ಮೇಲಿವೆ.

ಆಸ್ಟ್ರೇಲಿಯಾದವನನ್ನು ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ? ಆ ದೇಶದ ನ್ಯಾಷನಲ್ ಆರ್ಕೈವ್ಸ್‌ನವರು ಸತ್ತ, ಕಾಣೆಯಾದ ತಮ್ಮ ವಾಯುಪಡೆಯವರ ಕಡತಗಳಲ್ಲಿ ಎಷ್ಟನ್ನೋ ಸ್ಕ್ಯಾನ್ ಮಾಡಿ ಇಂಟರ್ನೆಟ್‌ನಲ್ಲಿ ಇಟ್ಟಿದ್ದಾರೆ. ದುಡ್ಡು ಕೇಳುವುದಿಲ್ಲ. ನಿಮ್ಮವನು ಇಂಗ್ಲೆಂಡಿನವನೇ ಇರಲಿ, ಅವನ ವಿಮಾನದಲ್ಲಿ ಒಬ್ಬ ಆಸ್ಟ್ರೇಲಿಯನ್ ಇದ್ದರೆ ಸಾಕು. ವಿಮಾನ ಎಲ್ಲಿ ಬಿತ್ತು, ಉಳಿದವನಿದ್ದರೆ ಏನು ಹೇಳಿದ, ಇಂಥದ್ದೆಲ್ಲ ಆ ಕಡತದಲ್ಲಿ ಸಿಗಬಹುದು. ಏಳೂ ಜನರನ್ನು ಹುಡುಕಿ ಅಂತ ನಾನು ಬಡಕೊಳ್ಳುವುದು ಇದಕ್ಕೇ.

ನಮ್ಮ ದೇಶದಲ್ಲೂ ಇಂಥದ್ದೊಂದು ಕತೆ ಇದೆ. 1944ರ ಜನವರಿ 25ರಂದು ಚೀನಾದ ಕುನ್ಮಿಂಗ್‌ನಿಂದ ಅಸ್ಸಾಮಿನ ಚಬುವಾಕ್ಕೆ ಹೊರಟ ಒಂದು ಲಿಬರೇಟರ್, ಎಂಟು ಜನರ ಸಮೇತ ಕಾಣೆಯಾಯಿತು. 2006ರಲ್ಲಿ ಅರುಣಾಚಲದ ದಮ್ರೋ ಹತ್ತಿರದ ಬೆಟ್ಟದಲ್ಲಿ ಅದರ ಚೂರುಗಳು ಸಿಕ್ಕವು. ವಿಮಾನ ಯಾವುದು ಎಂದು ತಿಳಿದ ಮೇಲೆ ಎಂಟೂ ಹೆಸರು ಬಂದವು. ಅವರಲ್ಲಿ ರಾಬರ್ಟ್ ಆಕ್ಸ್‌ಫರ್ಡ್ ಎಂಬುವನ ಅವಶೇಷಗಳನ್ನು ಗುರುತಿಸಿ 2017ರಲ್ಲಿ ಜಾರ್ಜಿಯಾದ ಅವನ ಊರಲ್ಲಿ ಮಣ್ಣು ಮಾಡಿದರು.

ಇನ್ನು ಬೆಂಗಳೂರಿನ ಲಿಬರೇಟರ್. ಯುದ್ಧ ಮುಗಿದ ಮೇಲೆ ಬ್ರಿಟಿಷ್ ವಾಯುಪಡೆ ಕಾನ್ಪುರದಲ್ಲಿ ಹಾಳು ಮಾಡಿ ಬಿಟ್ಟುಹೋದ ವಿಮಾನಗಳನ್ನು ನಮ್ಮ ಎಚ್‌ಎಎಲ್‌ನವರು ಹಾರುವಷ್ಟಕ್ಕೆ ಸರಿ ಮಾಡಿದರು. ಟೆಸ್ಟ್ ಪೈಲಟ್ ಜಿಮ್ಮಿ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ತಿ ದುರಸ್ತಿಯಾಗಿ, 1948ರಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್‌ಗೆ ಸೇರಿ, 1968ರವರೆಗೆ ಹಾರಿದವು. ಆಮೇಲೆ ಒಂದು ಬ್ರಿಟನ್ನಿನ ಮ್ಯೂಸಿಯಂಗೇ ಹೋಯಿತು. ಅವರು ಬಿಸಾಡಿದ್ದನ್ನು ನಾವು ರಿಪೇರಿ ಮಾಡಿ ವಾಪಸ್ ಕೊಟ್ಟೆವು!

ಆ ಕಾಲದ ಎಚ್‌ಎಎಲ್ ಮನೆಗಳಲ್ಲಿ, ವಿಮಾನದ ಮುಂದೆ ಸಾಲಾಗಿ ನಿಂತು ತೆಗೆಸಿದ ಗುಂಪು ಫೋಟೋ ಒಂದಾದರೂ ಅಟ್ಟದ ಮೇಲೆ ಇದ್ದೇ ಇರುತ್ತದೆ. ಅಜ್ಜನಿಗೆ ಇನ್ನೂ ನೆನಪು ಚೆನ್ನಾಗಿದ್ದರೆ ಇವತ್ತೇ ಕೆಳಗಿಳಿಸಿ. ಅಜ್ಜನ ಹೆಸರು ಒಂದೇ ಬೇಡ. ಎಡದಿಂದ ಬಲಕ್ಕೆ, ನಿಂತವರು, ಕೂತವರು, ಎಲ್ಲರ ಹೆಸರನ್ನೂ ಹಿಂಬದಿಯಲ್ಲಿ ಬರೆದಿಡಿ. ಪೆನ್ಸಿಲ್‌ನಲ್ಲಿ ಬರೆಯಿರಿ, ಮೆಲ್ಲಗೆ. ಪೆನ್ನಿನ ಮಸಿ ಮುಂದಕ್ಕೆ ಇಳಿಯುತ್ತದೆ.

ನಮಸ್ಕಾರ.