ಬಾಯಿ ತೆರೆದೇ ಇರುವ ಆಳಗಡಲ ಜೀವಿ

ಕೇಳುಗರಿಗೆ ನಮಸ್ಕಾರ.

ಕಡಲ ಬಂಡೆಗೆ, ದೋಣಿಯ ತಳಕ್ಕೆ ಅಂಟಿಕೊಂಡು ಬೆಳೆಯುವ ಮೆತ್ತನೆಯ ಚೀಲದಂಥ ಜೀವಿಗಳಿವೆ. ಅದುಮಿದರೆ ಪಿಚಕ್ಕನೆ ನೀರು ಚಿಮ್ಮಿಸುತ್ತವೆ. ಸೀ ಸ್ಕ್ವರ್ಟ್ ಎಂಬ ಹೆಸರು ಬಂದದ್ದು ಹಾಗೆ. ಪ್ರಾಣಿಶಾಸ್ತ್ರದಲ್ಲಿ ಇವು ಅಸಿಡಿಯನ್‌ಗಳು. ಇವುಗಳ ಆಳಗಡಲ ನೆಂಟ ಮೆಗಲೋಡಿಕೋಪಿಯಾ ಹಿಯಾನ್ಸ್. 1918ರಲ್ಲಿ ಜಪಾನಿನ ಅಸಾಜಿರೋ ಓಕಾ ಇದಕ್ಕೆ ಹೆಸರಿಟ್ಟರು. ಹಿಯಾನ್ಸ್ ಎಂದರೆ ಲ್ಯಾಟಿನ್‌ನಲ್ಲಿ ಬಾಯಿ ತೆರೆದಿರುವುದು ಎಂದರ್ಥ. ಕ್ಯಾಲಿಫೋರ್ನಿಯಾದ ಮಾಂಟೆರೆ ಕಡಲಕಣಿವೆಯ ಗೋಡೆಗಳ ಮೇಲೆ, ಇನ್ನೂರು ಮೀಟರ್‌ಗಿಂತ ಕೆಳಗಿನ ಕತ್ತಲಲ್ಲಿ ಇದು ನಿಂತಿರುತ್ತದೆ.

ಗೇಣುದ್ದವೂ ಇಲ್ಲದ, ಗಾಜಿನಂತೆ ಒಳಗೆಲ್ಲ ಕಾಣುವ ಮೈ. ಕೆಳಗೊಂದು ತೊಟ್ಟು, ಮೇಲೆ ಎರಡು ಅಗಲವಾದ ತುಟಿ. ಸಾಧಾರಣ ಅಸಿಡಿಯನ್‌ಗೆ ನೀರು ಒಳಗೆ ಬರಲು ಒಂದು ನಾಳ, ಹೊರಗೆ ಹೋಗಲು ಇನ್ನೊಂದು. ಇಲ್ಲಿ ಆ ಒಳನಾಳವೇ ಹಿಗ್ಗಿ ತುಟಿಗಳಾಗಿದೆ. ಸಣ್ಣ ಸಿಗಡಿಜಾತಿಯ ಜೀವಿ ಒಳಗೆ ತೇಲಿಬಂದರೆ ತುಟಿಗಳು ಮುಚ್ಚಿಕೊಳ್ಳುತ್ತವೆ.

ದಂಡೆಯ ಅಸಿಡಿಯನ್ ಹೀಗೆ ಬೇಟೆಯಾಡುವುದಿಲ್ಲ. ಅದರ ಗಂಟಲು ಒಂದು ದೊಡ್ಡ ಜಾಲರಿ ಚೀಲ. ಜಾಲರಿಯ ಸೀಳುಗಳ ಅಂಚಿನ ಸೂಕ್ಷ್ಮ ರೋಮಗಳು ಬಡಿದು ನೀರನ್ನು ಎಳೆಯುತ್ತವೆ, ಲೋಳೆ ಆಹಾರದ ಕಣಗಳನ್ನು ಹಿಡಿಯುತ್ತದೆ. ಆಳದ ನೀರಿನಲ್ಲಿ ಅಂಥ ಕಣಗಳು ಕಡಿಮೆ. ಸೋಸಿ ಹೊಟ್ಟೆ ತುಂಬುವುದು ಕಷ್ಟ. ಹಿಯಾನ್ಸ್‌ನಲ್ಲಿ ಜಾಲರಿ ತೀರಾ ಕುಗ್ಗಿದೆ, ನೀರೆಳೆಯುವ ಕೆಲಸ ಹೆಚ್ಚುಕಡಿಮೆ ನಿಂತೇ ಹೋಗಿದೆ.

ಹಾಗಾದರೆ ಇದನ್ನು ಅಸಿಡಿಯನ್ ಎನ್ನುವುದು ಯಾಕೆ? ಬಾಯಿಯನ್ನು ಬಿಟ್ಟು ಒಳಗನ್ನು ನೋಡಬೇಕು. ಅಸಿಡಿಯನ್‌ಗಳಲ್ಲಿ ಮೂರು ಗಣ ಮಾಡುವುದು ವಾಡಿಕೆ. ಅಪ್ಲೋಸೋಬ್ರಾಂಕಿಯಾದಲ್ಲಿ ಕರುಳು ಜಾಲರಿ ಚೀಲದ ಕೆಳಗಿರುತ್ತದೆ. ಸ್ಟೋಲಿಡೋಬ್ರಾಂಕಿಯಾದಲ್ಲಿ ಚೀಲ ಸಾಮಾನ್ಯವಾಗಿ ನೆರಿಗೆಗಟ್ಟಿರುತ್ತದೆ, ಜನನಾಂಗಗಳು ಮೈಗೋಡೆಗೆ ಅಂಟಿರುತ್ತವೆ. ಫ್ಲೆಬೋಬ್ರಾಂಕಿಯಾದಲ್ಲಿ ನೆರಿಗೆಯಿಲ್ಲ, ಜನನಾಂಗ ಕರುಳಿನ ಮಡಿಕೆಯಲ್ಲೇ ಕೂತಿರುತ್ತದೆ. ಹಿಯಾನ್ಸ್ ಈ ಮೂರನೆಯ ಗಣಕ್ಕೆ ಸೇರುತ್ತದೆ, ಕುಟುಂಬ ಆಕ್ಟಾಕ್ನೆಮಿಡೇ. ಈ ಕುಟುಂಬದ ಇನ್ನೊಂದು ಜೀವಿ ಆಕ್ಟಾಕ್ನೆಮಸ್ ಸಿಕ್ಕಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ ಕಡಲ ಸಂಶೋಧನೆಗೆ ಹೊರಟ ಬ್ರಿಟಿಷ್ ಹಡಗು ಚಾಲೆಂಜರ್‌ನ ಯಾನದಲ್ಲಿ. ಅದರ ಬಾಯಿಯ ಸುತ್ತ ಎಂಟು ಹಾಳೆಗಳಿವೆ.

ಇಷ್ಟನ್ನೆಲ್ಲ ನೋಡಬೇಕಾದರೆ ಮಾದರಿ ಕೆಡದೆ ಉಳಿಯಬೇಕು. ಜೀವಿಯನ್ನು ನೇರವಾಗಿ ಫಾರ್ಮಲಿನ್ ಎಂಬ ಕೆಡದಂತೆ ಕಾಯುವ ದ್ರವಕ್ಕೆ ಹಾಕಿದರೆ ಮುದುಡಿ ಗಂಟಾಗುತ್ತದೆ. ನಾಳಗಳು ಮುಚ್ಚಿಕೊಂಡು ಒಳಗೆ ದ್ರವವೇ ಇಳಿಯದೆ ಕರುಳು ಕೊಳೆಯುತ್ತದೆ. ಅದಕ್ಕೆ ಮೊದಲು ಮಂಪರು ಬರಿಸಬೇಕು. ತಣ್ಣಗಿನ ಕಡಲ ನೀರಿನ ಮೇಲೆ ಮೆಂಥಾಲ್ ಹರಳು ತೇಲಿಬಿಡಬಹುದು. ಇಲ್ಲವೇ ಒಂದು ಲೀಟರ್ ಸಿಹಿನೀರಿಗೆ ಸುಮಾರು 75 ಗ್ರಾಂ ಮೆಗ್ನೀಸಿಯಂ ಕ್ಲೋರೈಡ್ ಹರಳು ಕರಗಿಸಿ, ಅಷ್ಟೇ ಕಡಲ ನೀರಿಗೆ ಬೆರೆಸಬಹುದು. ಸೂಜಿಯಿಂದ ತುಟಿ ಮುಟ್ಟಿದರೂ ಅಲುಗದಿದ್ದಾಗ ಫಾರ್ಮಲಿನ್: ಒಂಬತ್ತು ಪಾಲು ಕಡಲ ನೀರಿಗೆ ಒಂದು ಪಾಲು, ಹುಳಿ ತಗ್ಗಿಸಲು ಚೂರು ಬೋರಾಕ್ಸ್. ಒಂದು ತುಣುಕನ್ನು ಮಾತ್ರ ಮೊದಲೇ ಕತ್ತರಿಸಿ ಶೇಕಡಾ 95ರ ಆಲ್ಕೋಹಾಲ್‌ನಲ್ಲಿ ಇಡಿ, ಏಕೆಂದರೆ ಫಾರ್ಮಲಿನ್ ಡಿಎನ್‌ಎಯನ್ನು ಹಾಳುಮಾಡುತ್ತದೆ. ಇಡೀ ಮೈಯನ್ನು ಆಲ್ಕೋಹಾಲ್‌ಗೆ ಹಾಕಬೇಡಿ, ಕುಗ್ಗಿ ಬಿರುಸಾಗುತ್ತದೆ.

ಆ ತುಣುಕಿನ ಬೆಲೆ ಎಷ್ಟೆಂದು ತಿಳಿಯಲು ಸೋರ್ಬೆರೇಸಿಯಾದ ಕತೆ ಸಾಕು. ಜಾಲರಿ ಚೀಲವೇ ಇಲ್ಲವೆನಿಸುವ, ಬಾಯಿಯ ಸುತ್ತ ಬೆರಳಿನಂಥ ಹಾಳೆಗಳಿರುವ ಆಳಗಡಲ ಬೇಟೆಗಾರ ಜೀವಿಗಳಿಗೆ 1975ರಲ್ಲಿ ಈ ಹೆಸರಿನ ಪ್ರತ್ಯೇಕ ವರ್ಗವನ್ನೇ, ಅಂದರೆ ಗಣಕ್ಕಿಂತ ದೊಡ್ಡ ಗುಂಪನ್ನೇ, ಮಾಡಿದರು. 2011ರಲ್ಲಿ ಡಿಎನ್‌ಎ ಹೋಲಿಸಿದಾಗ ಅವು ಸ್ಟೋಲಿಡೋಬ್ರಾಂಕಿಯಾ ಗಣದ ಮೊಲ್ಗುಲಿಡೇ ಕುಟುಂಬದ ಜೊತೆ ಬಂದು ನಿಂತವು. ಹೀಗೆ ಹೋಲಿಸಿದ ಪ್ರಭೇದ ಅಸಾಜಿರಸ್ ಇಂಡಿಕಸ್. ಅದರ ಜಾತಿಗೆ ಹಿಯಾನ್ಸ್‌ಗೆ ಹೆಸರಿಟ್ಟ ಅಸಾಜಿರೋ ಓಕಾ ಅವರದೇ ಹೆಸರು.